ಹಡಗುಗಳ ಪಟ್ಟಿ ಬಾಯಿಪಾಠ ಮಾಡಬೇಡಿ, ಅಡ್ಡಹೆಸರಂತೂ ಬೇಡವೇ ಬೇಡ

ಸ್ಪರ್ಧಾತ್ಮಕ ಪರೀಕ್ಷೆಗೆ ನೌಕಾಪಡೆ ಹಡಗುಗಳ ಹೆಸರು, ಅಡ್ಡಹೆಸರುಗಳ ಪೂರ್ತಿ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಆ ಪಟ್ಟಿ ನನ್ನ ಹತ್ತಿರ ಇತ್ತು. ಅದರಿಂದಲೇ ಸೋತೆ.

ಕಲಬುರಗಿಯಲ್ಲಿ ಡಿಗ್ರಿ ಓದುವಾಗ ಒಂದು ಕ್ವಿಜ್ ಫೈನಲ್‌ಗೆ ಬಂದಿದ್ದೆವು, ನಾನು ಮತ್ತು ಬೀದರ್ ಕಡೆಯ ಒಬ್ಬ ಗೆಳೆಯ. ನಮ್ಮೂರಲ್ಲಿ ನೀರು ಅಂದ್ರೆ ‘ಅಪ್ಪನ ಕೆರೆ’ ಅನ್ನೋ ಒಂದು ಕೆರೆ. ಸಮುದ್ರ ಕಂಡವನೇ ಅಲ್ಲ, ಆದರೂ ಹಡಗಿನ ಹುಚ್ಚು ಜಾಸ್ತಿ. ಸೂಪರ್ ಮಾರ್ಕೆಟ್‌ನಲ್ಲಿ ಕೊಂಡ ಗೈಡಿನ ಹೆಸರೆಲ್ಲ ನಾಲಿಗೆ ತುದಿಯಲ್ಲಿದ್ದವು. ಕೊನೆಯ ಪ್ರಶ್ನೆ ಬಂತು: ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಮೈಸೂರು, ಕಾರವಾರ, ಕದಂಬ, ಖುಕ್ರಿ, ಇವುಗಳಲ್ಲಿ ಹಡಗಲ್ಲದ್ದು ಯಾವುದು? ಬಜರ್ ಒತ್ತಿ ಕಾರವಾರ ಅಂದೆ.

ನನ್ನ ಲೆಕ್ಕ ಹೀಗಿತ್ತು. ಕಾರವಾರದಲ್ಲಿ ನೌಕಾನೆಲೆ ಇದೆ. ನೆಲೆಗೆ ಊರಿನ ಹೆಸರೇ ಇಟ್ಟಿರುತ್ತಾರೆ. ಕದಂಬ ಅಂದ್ರೆ ರಾಜವಂಶ, ರಾಜರ ಹೆಸರು ಯುದ್ಧನೌಕೆಗೇ ತಾನೆ? ಎಲ್ಲ ತಿರುಗಾಮುರುಗಾ. 2005ರಲ್ಲಿ ಶುರುವಾದ ಕಾರವಾರದ ನೆಲೆಯ ಹೆಸರೇ ಐಎನ್‌ಎಸ್ ಕದಂಬ. ಐಎನ್‌ಎಸ್ ಕಾರವಾರ ಅನ್ನೋದು ಸಮುದ್ರದಲ್ಲಿ ಶತ್ರು ಇಟ್ಟ ಮೈನ್ (ನೀರೊಳಗಿನ ಬಾಂಬ್) ತೆಗೆಯುವ ಹಡಗು, 2017ರವರೆಗೂ ಓಡಾಡಿಕೊಂಡಿತ್ತು. ಗೆಳೆಯನಿಗೆ ಉತ್ತರ ಗೊತ್ತಿತ್ತು. ಅವನು ಬಾಯಿ ತೆರೆಯೋಕೆ ಮೊದಲೇ ನಾನು ಒತ್ತಿಬಿಟ್ಟಿದ್ದೆ. ಬಹುಮಾನದ ದುಡ್ಡಿನಲ್ಲಿ ಅವನು ಪರೀಕ್ಷೆ ಫೀಸ್ ಕಟ್ಟಬೇಕಿತ್ತು. ಆ ಸೆಮಿಸ್ಟರ್ ಪೂರ್ತಿ ಮಾತು ಬಿಟ್ಟ.

ಹೆಸರುಗಳು ಗೊತ್ತಿದ್ದವು, ಯಾವುದಕ್ಕೆ ಯಾಕೆ ಅನ್ನೋದು ಗೊತ್ತಿರಲಿಲ್ಲ. ಐಎನ್‌ಎಸ್ ಅಂತ ಇದ್ದದ್ದೆಲ್ಲ ಹಡಗಲ್ಲ. ದಡದ ಮೇಲಿನ ನೆಲೆ, ತರಬೇತಿ ಕೇಂದ್ರಗಳಿಗೂ ಅದೇ ಐಎನ್‌ಎಸ್. ಬ್ರಿಟಿಷ್ ನೌಕಾಪಡೆಯಿಂದ ಬಂದ ರೂಢಿ ಇದು. ಅಂಥ ನೆಲೆಗಳನ್ನು ಅವರು ತಮಾಷೆಗೆ ‘ಸ್ಟೋನ್ ಫ್ರಿಗೇಟ್’, ಅಂದ್ರೆ ಕಲ್ಲಿನ ಯುದ್ಧನೌಕೆ ಅಂತಿದ್ದರು. ನಮ್ಮ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ ಮಹಾರಾಷ್ಟ್ರದ ಲೋನಾವಳಾದ ಗುಡ್ಡಗಳ ನಡುವೆ ಇದೆ, ನೋಡಿ.

ನಿಜವಾದ ಹಡಗುಗಳಿಗೆ ಹೆಸರು ಆರಿಸಲು ರಕ್ಷಣಾ ಸಚಿವಾಲಯದಲ್ಲಿ ಒಂದು ನಾಮಕರಣ ಸಮಿತಿ ಇದೆ. ಬಗೆ ನೋಡಿ ಹೆಸರು. ಡಿಸ್ಟ್ರಾಯರ್ ಅನ್ನೋ ದೊಡ್ಡ ಯುದ್ಧನೌಕೆಗೆ ದೆಹಲಿ, ಕೋಲ್ಕತಾ, ಚೆನ್ನೈ ಥರ ರಾಜಧಾನಿಗಳು, ಕೊಚ್ಚಿ, ಸೂರತ್ ಕೂಡ ಸೇರಿಕೊಂಡಿವೆ, ಅಷ್ಟು ಬಿಗಿ ಇಲ್ಲ. ಅದಕ್ಕಿಂತ ಚಿಕ್ಕ ಯುದ್ಧನೌಕೆ ಫ್ರಿಗೇಟ್‌ಗೆ ಬೆಟ್ಟ, ನದಿ, ಇಲ್ಲವೇ ಆಯುಧ. ಒಂದೇ ಬಗೆಯ ಹಡಗುಗಳಿಗೆ ಎಷ್ಟೋ ಸಲ ಒಂದೇ ಅಕ್ಷರ: ಗೋದಾವರಿ, ಗಂಗಾ, ಗೋಮತಿ. ಆಮೇಲೆ ತಲ್ವಾರ್, ತ್ರಿಶೂಲ್, ತಬರ್. ಇಷ್ಟು ತಲೆಯಲ್ಲಿದ್ದರೆ ಅರ್ಧ ಪಟ್ಟಿ ತಾನಾಗೇ ಬರುತ್ತೆ. 2023ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಕೋಲ್ಕತಾದಲ್ಲಿ ನೀರಿಗಿಳಿಸಿದ ವಿಂಧ್ಯಗಿರಿ ಇದೆಯಲ್ಲ, ಅದು ನಮ್ಮ ಕರ್ನಾಟಕದ ಬೆಟ್ಟದ ಹೆಸರು.

ಹಳೇ ಹಡಗು ಹೋದರೂ ಹೆಸರು ಹೋಗಲ್ಲ. 1971ರ ಯುದ್ಧದಲ್ಲಿ ಖುಕ್ರಿ ಮುಳುಗಿತು, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಹೋದರು. 1989ರಲ್ಲಿ ಬಂದ ಹೊಸ ಹಡಗಿಗೆ ಅದೇ ಹೆಸರು. ಮೈಸೂರು ಕೂಡ ಹಾಗೇ. 1957ರಲ್ಲಿ ಬಂದ ಮೊದಲನೆಯದು ಮೂಲದಲ್ಲಿ ಬ್ರಿಟಿಷರ ‘ನೈಜೀರಿಯಾ’. ಎರಡನೆಯದು 1999ರದ್ದು, ಲಾಂಛನದಲ್ಲಿ ಗಂಡಭೇರುಂಡ ಇದೆ. ಇದನ್ನು ಓದಿದಾಗ ನನಗೆ ಸುಮ್ನೆ ಖುಷಿಯಾಗಿತ್ತು.

ಇನ್ನು ಅಡ್ಡಹೆಸರು. ಇದನ್ನು ಯಾವ ಸಮಿತಿಯೂ ಕೊಡಲ್ಲ. ಹಡಗಿನವರ ಬಾಯಲ್ಲಿ, ಪತ್ರಿಕೆಯವರ ಬಾಯಲ್ಲಿ ಹುಟ್ಟುತ್ತೆ. 1812ರ ಯುದ್ಧದಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗಿನ ಓಕ್ ಮರದ ಮೈಗೆ ಗುಂಡು ಬಡಿದು ಚಿಮ್ಮಿದವಂತೆ, ಅದಕ್ಕೇ ‘ಓಲ್ಡ್ ಐರನ್‌ಸೈಡ್ಸ್’ (ಹಳೇ ಕಬ್ಬಿಣದ ಮೈ). ನಮ್ಮ ವಿಮಾನವಾಹಕ ಹಡಗು ವಿರಾಟ್ 1959ರಿಂದ ಬ್ರಿಟನ್ನಿಗೆ, 1987ರಿಂದ ನಮಗೆ ದುಡಿದು 2017ರಲ್ಲಿ ನಿವೃತ್ತಿಯಾಯಿತು. ಅಷ್ಟು ವಯಸ್ಸಾದ ಮೇಲೆ ‘ಗ್ರ್ಯಾಂಡ್ ಓಲ್ಡ್ ಲೇಡಿ’ ಅನ್ನದೆ ಇನ್ನೇನು? ಹೆಚ್ಚಿನ ಹಡಗುಗಳಿಗೆ ಇಂಥ ಕಥೆಯೇ ಇಲ್ಲ. ನೀವು ನೋಡುವ ಗೈಡಿನಲ್ಲಿ ಪ್ರತಿ ಹಡಗಿನ ಮುಂದೆಯೂ ಒಂದು ಅಡ್ಡಹೆಸರು ಬರೆದಿದ್ದರೆ ಆ ಗೈಡ್ ಕೊಳ್ಳಬೇಡಿ.