ಫ್ರೀಜರ್ ತುಂಬಿಸುವುದು ಬಿಡಿ, ಮೊದಲು ಪಂಪಿನ ಆಲಿಕೆ ಅಳೆಯಿರಿ

ಐದು ತಿಂಗಳ ಮಗು, ಮುಂದಿನ ತಿಂಗಳು ಆಫೀಸು, ಎದೆಹಾಲು ಪಂಪ್ ಮಾಡಿದರೆ ಎರಡೂ ಕಡೆ ಸೇರಿ 40 ಎಂ.ಎಲ್. ಅಷ್ಟರೊಳಗೆ ಫ್ರೀಜರಿನಲ್ಲಿ ಎಷ್ಟು ಲೀಟರ್ ಕೂಡಿಡಬೇಕು, ಇಲ್ಲ ಈಗಿನಿಂದಲೇ ಡಬ್ಬಿ ಹಾಲು ರೂಢಿ ಮಾಡಿಸಲೇ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ಅಕ್ಷರಕ್ಷರ ನನ್ನದೇ ಆಗಿದ್ದ ಪ್ರಶ್ನೆ ಇದು. ಎರಡಕ್ಕೂ ನನ್ನ ಉತ್ತರ ಒಂದೇ: ಬೇಡ.

ಮೊದಲು ಆ 40 ಎಂ.ಎಲ್. ಬಗ್ಗೆ. ಮಗು ಹೊಟ್ಟೆ ತುಂಬ ಕುಡಿದ ಮೇಲೆ, ಅಥವಾ ಎರಡು ಊಟದ ನಡುವೆ ಪಂಪ್ ಹಿಡಿದರೆ 15ರಿಂದ 60 ಎಂ.ಎಲ್. ಬರುವುದೇ ವಾಡಿಕೆ. ಮಗುವಿನ ಒಂದು ಊಟದ ಬದಲಿಗೆ ಪಂಪ್ ಮಾಡಿದಾಗ, ಅಂದರೆ ಮೂರು ಗಂಟೆ ಮಗು ಎದೆಗೆ ಬಾಯಿಟ್ಟಿಲ್ಲದಿದ್ದಾಗ, 60ರಿಂದ 120 ಬರುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಇಟ್ಟಿಗೆಯಂತೆ ಜೋಡಿಸಿದ ಹಾಲಿನ ಚೀಲಗಳು ಅತಿಯಾಗಿ ಹಾಲು ಬರುವವರವು. ಅವರಿಗೆ ಎದೆ ಗಟ್ಟಿಯಾಗುವ ಪಾಡು ಬೇರೆ. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ಹೇಳುವುದು ಪಂಪಲ್ಲ, ಮಗು. ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದೆಯೇ, ತೂಕದ ಗೆರೆ ಮೇಲೇರುತ್ತಿದೆಯೇ ನೋಡಿ. ತೂಕ ನಿಂತಿದ್ದರೆ ಅದು ಬೇರೆಯೇ ಮಾತು, ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಈಗ ಲೆಕ್ಕ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750 ಎಂ.ಎಲ್. ಆಸುಪಾಸು ಕುಡಿಯುತ್ತದೆ. ತಿಂಗಳು ಏರಿದಂತೆ ಇದು ಹೆಚ್ಚುವುದಿಲ್ಲ, ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಗಂಟೆಗೆ 30 ಎಂ.ಎಲ್. ಎಂದು ಹಿಡಿಯಿರಿ. ಒಂಬತ್ತು ಗಂಟೆ ಆಫೀಸು, ಹೋಗಿಬರುವ ಬೆಂಗಳೂರಿನ ರಸ್ತೆಗೆ ಎರಡು ಗಂಟೆ, ಒಟ್ಟು ಹನ್ನೊಂದು. 330 ಎಂ.ಎಲ್. ಮೊದಲ ದಿನಕ್ಕೆ ಬೇಕಾದ್ದು ಅಷ್ಟೇ. ಚೆಲ್ಲಿದರೆ, ನಿಮಗೆ ತಡವಾದರೆ ಅಂತ ಇನ್ನು 150 ಸೇರಿಸಿ. ದಿನಾ ಬೆಳಗಿನ ಮೊದಲ ಹಾಲು ಕುಡಿಸಿದ ಮೇಲೆ ಒಮ್ಮೆ ಪಂಪ್ ಮಾಡಿ, ಹೆಚ್ಚಿನವರಿಗೆ ಧಾರಾಳವಾಗಿ ಬರುವ ಹೊತ್ತು ಅದು. ನಿಮ್ಮ ಅದೇ 40 ಎಂ.ಎಲ್. ಹನ್ನೆರಡು ದಿನಕ್ಕೆ 480 ಆಯಿತು. ಎರಡನೇ ದಿನಕ್ಕೆ ಬೇಕಾದ್ದನ್ನು ಮೊದಲ ದಿನ ಆಫೀಸಿನಲ್ಲಿ ತೆಗೆಯುತ್ತೀರಿ, ಮೂರನೆಯದಕ್ಕೆ ಎರಡನೇ ದಿನ. ಶುಕ್ರವಾರದ್ದು ಫ್ರಿಜ್‌ನಲ್ಲಿ ಕೂತು ಸೋಮವಾರಕ್ಕೆ ಆಗುತ್ತದೆ. ಸಾಧ್ಯವಾದರೆ ಬುಧವಾರವೋ ಗುರುವಾರವೋ ಕೆಲಸಕ್ಕೆ ಹಾಜರಾಗಿ. ಮೊದಲ ವಾರ ಮೂರೇ ದಿನದ್ದಾದರೆ ಎಡವಟ್ಟುಗಳನ್ನು ಶನಿವಾರ ಕೂತು ಸರಿಮಾಡಿಕೊಳ್ಳಬಹುದು.

ಇನ್ನು ನನಗೂ, ಆಮೇಲೆ ನಾನು ಕಂಡ ಹಲವರಿಗೂ ದುಬಾರಿಯಾದ ತಪ್ಪು. ಇದನ್ನು ಉದ್ದವಾಗಿಯೇ ಹೇಳುತ್ತೇನೆ, ಪಂಪಿನ ಪೆಟ್ಟಿಗೆಯ ಮೇಲೆ ಇದು ಎದ್ದು ಕಾಣುವಂತೆ ಇರುವುದಿಲ್ಲ. ಎದೆಗೆ ಹಿಡಿಯುವ ಆ ಆಲಿಕೆ, ಫ್ಲ್ಯಾಂಜ್, ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಎಂ.ಎಂ. ಅಳತೆಯದ್ದು ಬರುತ್ತದೆ, ಕೆಲವದರಲ್ಲಿ 27 ಅಥವಾ 28. ಆ ಸಂಖ್ಯೆ ಆಲಿಕೆಯ ಬಾಯಿಯದ್ದಲ್ಲ, ಮೊಲೆತೊಟ್ಟು ಹೋಗಿ ಕೂರುವ ಕೊಳವೆಯ ಅಗಲದ್ದು. ತೊಟ್ಟಿನ ಅಗಲ ಬಹಳ ಹೆಂಗಸರಿಗೆ ಅದಕ್ಕಿಂತ ತುಂಬಾ ಕಡಿಮೆ. ಎದೆಯ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಎಡಬಲಗಳ ಅಳತೆ ಬೇರೆಬೇರೆ ಇರುವುದೂ ಉಂಟು. ಹಾಲೂಡಿಸುವ ಮುಂಚೆ, ಸ್ಕೇಲ್ ಇಟ್ಟು ಬರೀ ತೊಟ್ಟಿನ ಅಗಲ ಅಳೆಯಿರಿ, ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ. ಬಂದದ್ದಕ್ಕೆ ಒಂದರಿಂದ ಮೂರು ಎಂ.ಎಂ. ಕೂಡಿಸಿ. 16 ಬಂದರೆ 17ರಿಂದ 19 ನಿಮ್ಮ ಅಳತೆ. ಹೊಸ ಪಂಪ್ ಬೇಕಿಲ್ಲ, ಆಲಿಕೆಯೊಳಗೆ ಕೂರುವ ಸಿಲಿಕೋನ್ ಇನ್ಸರ್ಟ್‌ಗಳು ಬೇರೆಬೇರೆ ಅಳತೆಯಲ್ಲಿ ಸಿಗುತ್ತವೆ.

ಅಗಲದ ಆಲಿಕೆಯಲ್ಲಿ ಏನಾಗುತ್ತದೆ ಅಂದರೆ, ತೊಟ್ಟಿನ ಜೊತೆ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದುಕೊಳ್ಳುತ್ತದೆ. ಅದು ಊದುತ್ತದೆ, ಊದಿದ್ದು ಹಾಲಿನ ನಾಳಗಳನ್ನೇ ಒತ್ತುತ್ತದೆ. ಇಪ್ಪತ್ತು ನಿಮಿಷ ಕೂತರೂ ಅರ್ಧ ಹಾಲು ಒಳಗೇ ಉಳಿಯುತ್ತದೆ. ನೀವೇನು ಮಾಡುತ್ತೀರಿ? ಎಳೆತ ಜೋರು ಮಾಡುತ್ತೀರಿ. ನೋವಾಗುತ್ತದೆ. ನೋವಿಗೂ ಗಾಬರಿಗೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಿಂಜರಿಯುತ್ತದೆ, ಹಾಲು ಇಳಿಯುವುದು ಅದರಿಂದಲೇ ಆದ್ದರಿಂದ ಇನ್ನೂ ಕಡಿಮೆ ಬರುತ್ತದೆ. ಉಳಿದ ಹಾಲಿನಲ್ಲೇ ‘ಸಾಕು, ನಿಲ್ಲಿಸು’ ಅನ್ನುವ ಸೂಚನೆ ಇರುತ್ತದೆ. ಎದೆ ತುಂಬಿಕೊಂಡಷ್ಟು ಹೊತ್ತೂ ಹೊಸ ಹಾಲು ನಿಧಾನವಾಗುತ್ತದೆ, ದಿನಗಳಲ್ಲೇ ಉತ್ಪತ್ತಿಯೇ ಇಳಿಯುತ್ತದೆ. ಬಾಟಲಿಯಲ್ಲಿ 30 ಎಂ.ಎಲ್. ನೋಡಿದ ಮನೆಯವರು ಡಬ್ಬಿ ಹಾಲು ಕಲಸುತ್ತಾರೆ, ಹೊಟ್ಟೆ ತುಂಬಿದ ಮಗು ಸಂಜೆ ಎದೆ ಎಳೆಯುವುದಿಲ್ಲ, ಮತ್ತಷ್ಟು ಇಳಿಯುತ್ತದೆ. ಮೊದಲ ದಿನ ಇಲ್ಲದೇ ಇದ್ದ ಕೊರತೆ ಹದಿನೈದು ದಿನದಲ್ಲಿ ನಿಜವಾಗುತ್ತದೆ. ಆಮೇಲೆ ಎಲ್ಲರೂ ಹೇಳುವ ಮಾತು: ಟೆನ್ಷನ್‌ಗೆ ಹಾಲು ಬತ್ತಿತು. ಟೆನ್ಷನ್ ಅಲ್ಲ, ತೊಟ್ಟಿಗಿಂತ ಎಂಟು ಎಂ.ಎಂ. ಹೆಚ್ಚು ಅಗಲದ ಪ್ಲಾಸ್ಟಿಕ್! ಪಂಪ್ ಮುಗಿದಾಗ ಕಪ್ಪು ಭಾಗ ಊದಿ ಅಲ್ಲೊಂದು ಉಂಗುರ ಮೂಡಿದ್ದರೆ ಆಲಿಕೆ ದೊಡ್ಡದು. ತೊಟ್ಟು ಕೊಳವೆಯ ಗೋಡೆಗೆ ಉಜ್ಜಿ ಉರಿಯುತ್ತಿದ್ದರೆ ಚಿಕ್ಕದು.

ಅಳತೆ ಸರಿಯಿದ್ದೂ ಒಂದು ದಿನ ಇದ್ದಕ್ಕಿದ್ದಂತೆ ಹಾಲು ಕಡಿಮೆಯಾದರೆ ಬಾತುಕೋಳಿ ಕೊಕ್ಕಿನಂಥ ಆ ಸಿಲಿಕೋನ್ ವಾಲ್ವ್ ನೋಡಿ. ದಿನಕ್ಕೆ ಮೂರು ಸಲ ಬಳಸಿದರೆ ಒಂದೆರಡು ತಿಂಗಳಲ್ಲಿ ಅದರ ಸೀಳು ಸಡಿಲವಾಗುತ್ತದೆ, ಎಳೆತ ಸೋರುತ್ತದೆ. ಬ್ರಷ್ ಹಾಕಿ ಉಜ್ಜಿದರೆ ಇನ್ನೂ ಬೇಗ. ಒಂದು ಜೊತೆ ಹೆಚ್ಚಿಗೆ ಬ್ಯಾಗಿನಲ್ಲಿರಲಿ. ಪಂಪಿನಲ್ಲಿ ಮೊದಲು ವೇಗದ ಸಣ್ಣ ಎಳೆತ, ಎರಡು ನಿಮಿಷ ಅಥವಾ ಹಾಲು ಚಿಮ್ಮುವವರೆಗೆ. ಆಮೇಲೆ ನಿಧಾನದ ಆಳದ ಎಳೆತ, ನೋವಾಗದ ಮಟ್ಟದಲ್ಲಿ. ಧಾರೆ ನಿಂತ ಮೇಲೆ ಮತ್ತೆ ಒಂದು ನಿಮಿಷ ವೇಗಕ್ಕೆ ಹಾಕಿದರೆ ಇನ್ನೊಂದು ಸಲ ಇಳಿಯುವುದುಂಟು. ಎರಡೂ ಕಡೆ ಒಟ್ಟಿಗೆ ಹಿಡಿದರೆ 15ರಿಂದ 20 ನಿಮಿಷ ಸಾಕು.

ಆಫೀಸಿನಲ್ಲಿ ಮೂರು ಸಲ: ಹತ್ತೂವರೆ, ಒಂದೂವರೆ, ನಾಲ್ಕೂವರೆ. ಮೀಟಿಂಗ್ ಇದೆ ಎಂದು ಮಧ್ಯಾಹ್ನದ್ದನ್ನು ಬಿಟ್ಟು ಸಂಜೆ ಎರಡರಷ್ಟು ಹೊತ್ತು ಕೂತರೆ ಸರಿಹೋಗುವುದಿಲ್ಲ. ಬಿಡಲೇಬೇಕಾದ ದಿನ ಏಳು ನಿಮಿಷವಾದರೂ ಮಾಡಿ. ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಈಗಲೇ ಕಾಯ್ದಿರಿಸಿ, ಎಚ್‌ಆರ್‌ಗೆ ಬರವಣಿಗೆಯಲ್ಲಿ ತಿಳಿಸಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 11ನೇ ಕಲಮು ಕೊಟ್ಟಂತೆ ಮಗುವಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿರಾಮದ ಜೊತೆಗೆ, ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳು ನಿಮ್ಮ ಹಕ್ಕು. ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ, 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುವಿಹಾರವನ್ನೂ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುವ ಅವಕಾಶವನ್ನೂ ಸೇರಿಸಿತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಉಳಿದಿವೆ. ಕಾಯ್ದೆಯಲ್ಲಿ ಪಂಪ್ ಎಂಬ ಪದವಿಲ್ಲ, ಕೆಲವು ಎಚ್‌ಆರ್‌ಗಳು ಅಲ್ಲೇ ಕೊಸರಾಡುತ್ತಾರೆ. ಎರಡು ಬಿಡುವು ಕಾನೂನಿನದು, ಮೂರನೆಯದು ನಿಮ್ಮ ಊಟದ ಹೊತ್ತಿನಲ್ಲಿ ಎಂದು ಕೇಳಿ, ಒಪ್ಪುತ್ತಾರೆ. ಒಳಚಿಲಕ, ಕುರ್ಚಿ, ಪ್ಲಗ್ ಪಾಯಿಂಟ್ ಇರುವ ಕೋಣೆ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಶೌಚಾಲಯ ತೋರಿಸಿದರೆ ಒಪ್ಪಬೇಡಿ. ನೀವು ಅಲ್ಲಿ ಕೂತು ಊಟ ಮಾಡುವುದಿಲ್ಲ ತಾನೆ?

ಕೋಣೆಯೇ ಇಲ್ಲದ ಶಾಲೆ, ಗಾರ್ಮೆಂಟ್ಸ್‌ಗಳಲ್ಲಿ ಕೈಯಿಂದ ತೆಗೆಯುವುದೇ ವಾಸಿ, ಕರೆಂಟೂ ಬೇಡ. ಕೈ ತೊಳೆದು, ತೊಟ್ಟಿನಿಂದ ಮೂರು ಸೆಂಟಿಮೀಟರ್ ಹಿಂದೆ ಮೇಲೆ ಹೆಬ್ಬೆರಳು, ಕೆಳಗೆ ಎರಡು ಬೆರಳು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರ ಕಡೆಗೊಂದು ತನ್ನಿ, ಬಿಡಿ. ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಎಳೆಯಬೇಡಿ. ಧಾರೆ ಸಣ್ಣದಾದಾಗ ಬೆರಳಿನ ಜಾಗ ಬದಲಿಸಿ. ಕುದಿಸಿ ಒಣಗಿಸಿದ ಅಗಲ ಬಾಯಿಯ ಸ್ಟೀಲ್ ಲೋಟ, ಮುಚ್ಚಳ, ಇಷ್ಟೇ ಸಾಮಾನು. ಪಂಪ್ ಇರುವವರೂ ಕಲಿತಿರಬೇಕು, ಒಂದು ದಿನ ಚಾರ್ಜರ್ ಮನೆಯಲ್ಲಿ ಉಳಿದೇ ಉಳಿಯುತ್ತದೆ.

ಇಡುವ ವಿಚಾರ. 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, 4 ಡಿಗ್ರಿ ಫ್ರಿಜ್‌ನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು. ಈ ನಾಲ್ಕು ಗಂಟೆಯ ಲೆಕ್ಕ ಏಪ್ರಿಲ್ ತಿಂಗಳ ಬೆಂಗಳೂರಿಗೇ ಸಲ್ಲದು, ರಾಯಚೂರು, ಕಲಬುರಗಿಯಲ್ಲಿ ಮರೆತೇಬಿಡಿ, ತೆಗೆದ ಕೂಡಲೇ ತಣ್ಣಗೆ ಸೇರಿಸಿ. ಆಫೀಸಿನ ಫ್ರಿಜ್ ನಂಬಿಕೆಯದ್ದಲ್ಲದಿದ್ದರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಇನ್ಸುಲೇಟೆಡ್ ಚೀಲ 24 ಗಂಟೆ ಕಾಯುತ್ತದೆ. ಮನೆಯ ಫ್ರಿಜ್‌ನ ಬಾಗಿಲಲ್ಲಿ ಬೇಡ, ಒಳಗೆ ಹಿಂಭಾಗದಲ್ಲಿರಲಿ. 60 ಎಂ.ಎಲ್. ಸಣ್ಣ ಡಬ್ಬಿಗಳಲ್ಲಿ, ಮೇಲೆ ತಾರೀಕು ಬರೆದು ಇಡಿ. ಹೊಸದನ್ನು ಹಳೆಯದಕ್ಕೆ ಸೇರಿಸುವುದಾದರೆ ಮೊದಲು ತಣ್ಣಗಾಗಿಸಿ. ಕರೆಂಟು ಹೋಗಿ ಬಂದಾಗ ಹಾಲಿನಲ್ಲಿ ಇನ್ನೂ ಐಸ್ ಹರಳು ಇದ್ದರೆ ಮತ್ತೆ ಗಟ್ಟಿ ಮಾಡಬಹುದು, ಪೂರ್ತಿ ಕರಗಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಬೆಚ್ಚಗಿನ ನೀರಿನ ಬಟ್ಟಲಲ್ಲಿಟ್ಟು ಬಿಸಿಮಾಡಿ, ಒಲೆಯ ಮೇಲೆ ಕಾಯಿಸುವುದು, ಮೈಕ್ರೋವೇವ್ ಎರಡೂ ಬೇಡ. ಮಗು ಬಾಯಿಟ್ಟು ಉಳಿಸಿದ್ದು ಎರಡು ಗಂಟೆಯ ನಂತರ ಚೆಲ್ಲಬೇಕು. ಕರಗಿಸಿದ ಹಾಲು ಸೋಪಿನ ವಾಸನೆ ಬಂದರೆ ಕೆಟ್ಟಿದೆ ಎಂದಲ್ಲ, ಅದು ಲೈಪೇಸ್ ಎಂಬ ಕಿಣ್ವದ ಕೆಲಸ. ಕೆಲವು ಮಕ್ಕಳು ಅದನ್ನು ಉಗಿಯುತ್ತವೆ. ಅದಕ್ಕೇ ಕೂಡಿಡಲು ಶುರುಮಾಡುವ ಮುಂಚೆ ಒಂದೇ ಡಬ್ಬಿ ವಾರವಿಟ್ಟು ಕುಡಿಸಿ ನೋಡಿ. ಒಲ್ಲೆ ಎಂದರೆ, ಮುಂದೆ ತಾಜಾ ಹಾಲನ್ನು ಅಂಚಿನಲ್ಲಿ ಗುಳ್ಳೆ ಏಳುವಷ್ಟು ಮಾತ್ರ ಬಿಸಿಮಾಡಿ, ಕೂಡಲೇ ತಣಿಸಿ ಫ್ರೀಜರಿಗೆ ಹಾಕಿ.

ಪಂಪಿನ ಭಾಗಗಳನ್ನು ಆಫೀಸಿನ ಸಿಂಕಿನಲ್ಲೇ ಇಟ್ಟು ತೊಳೆಯಬೇಡಿ, ಅದಕ್ಕೇ ಒಂದು ಬೇಸಿನ್ ಇರಲಿ. ಎರಡು ಸೆಟ್ ಇದ್ದರೆ ಜೀವ ಉಳಿಯುತ್ತದೆ.

ಮನೆಯಲ್ಲಿ ಕುಡಿಸುವವರಿಗೆ ಎರಡು ವಾರ ಮುಂಚೆಯೇ ಅಭ್ಯಾಸವಾಗಲಿ, ನೀವು ಎದುರಿಗಿರಬೇಡಿ. ಬಾಟಲಿಗಿಂತ ನಮ್ಮ ಒಳಲೆಯೋ ಪುಟ್ಟ ಲೋಟವೋ ಚಮಚವೋ ಒಳ್ಳೆಯದು ಎನ್ನುವ ಪಕ್ಷ ನನ್ನದು: ಕುದಿಸುವುದು ಸುಲಭ, ಎದೆಯದೋ ಬಾಟಲಿಯದೋ ಎಂಬ ತೊಟ್ಟಿನ ಗೊಂದಲ ಮಗುವಿಗಿಲ್ಲ. ಬಾಟಲಿಯೇ ಆಗಬೇಕೆಂದರೆ ನಿಧಾನ ಹರಿವಿನ ನಿಪ್ಪಲ್, ಮಗು ನೆಟ್ಟಗೆ ಕೂತಿರಲಿ, ಬಾಟಲಿ ಅಡ್ಡವಾಗಿರಲಿ, ನಡುನಡುವೆ ಬಿಡಿಸಲಿ. ಒಂದು ಸಲಕ್ಕೆ 60ರಿಂದ 90 ಎಂ.ಎಲ್. ಸಾಕು. ಅತ್ತರೆ ಸಾಕು 150 ಸುರಿಯುವ ಅಜ್ಜಿಯರಿಗೆ ಈ ಸಂಖ್ಯೆಯನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ನೀವು ಮನೆ ಸೇರುವ ಒಂದೂವರೆ ಗಂಟೆ ಮೊದಲು ಏನೂ ಕೊಡಬಾರದು, ತೀರಾ ಅತ್ತರೆ 20 ಎಂ.ಎಲ್. ಆ ಸಂಜೆಯ ಹಸಿವು ನಿಮಗೆ ಬೇಕು, ಮಗುವಿನಷ್ಟು ಚೆನ್ನಾಗಿ ಎದೆ ಖಾಲಿ ಮಾಡುವ ಪಂಪ್ ಇಲ್ಲ. ಕೆಲವು ಮಕ್ಕಳು ಹಗಲು ಕಡಿಮೆ ಕುಡಿದು ರಾತ್ರಿಯೆಲ್ಲ ಎದೆಗಂಟುತ್ತವೆ. ನಿದ್ದೆಗೆಡುತ್ತದೆ ನಿಜ, ಆದರೆ ರಾತ್ರಿ ಹಾಲು ಉತ್ಪತ್ತಿ ಮಾಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ಹಾಲು ಉಳಿಯುವುದೂ ಅದರಿಂದಲೇ. ನಿಮ್ಮ ಮಗುವಿಗೆ ಅಷ್ಟರಲ್ಲಿ ಆರು ತಿಂಗಳು ತುಂಬುತ್ತದೆ, ರಾಗಿ ಸರಿ, ನುಣ್ಣಗೆ ಹಿಚುಕಿದ ಬೇಳೆ ಅನ್ನ ತುಪ್ಪ ಶುರುವಾಗುತ್ತದೆ. ಅವೆಲ್ಲ ನೀವಿಲ್ಲದ ಹೊತ್ತಿಗಿರಲಿ, ನೀವಿರುವಾಗ ಮೊದಲು ಎದೆ.

ಡಬ್ಬಿ ಹಾಲು ಪಾಪವಲ್ಲ. ಒಂದು ದಿನ ಸಾಲದಿದ್ದರೆ ಕೊಡಿ, ಆದರೆ ಕೊಟ್ಟ ಪ್ರತಿ ಸಲಕ್ಕೆ ಒಂದು ಸಲ ಪಂಪ್ ಮಾಡಿ. ‘ರೂಢಿಗೆ’ ಎಂದು ಈಗಲೇ ಕೊಡುವುದು ಮಾತ್ರ ಇರುವ ಹಾಲನ್ನು ನೀವೇ ಇಳಿಸಿಕೊಂಡಂತೆ. ಸಬ್ಬಸಿಗೆ, ಬೆಳ್ಳುಳ್ಳಿ, ಮೆಂತ್ಯ ಪ್ರೀತಿಯಿಂದ ತಿನ್ನಿ, ಎದೆ ಖಾಲಿಯಾಗದೆ ಅವು ಏನೂ ಮಾಡವು. ಹಾಲು ಹೆಚ್ಚಿಸುವ ಮಾತ್ರೆ ಮೆಡಿಕಲ್ ಶಾಪಿನಿಂದ ಕೇಳಿ ತರಬೇಡಿ, ಅದಕ್ಕೆಂದು ಕೊಡುವ ಡಾಮ್‌ಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತ ಏರುಪೇರು ಮಾಡುತ್ತದೆ. ಯಾರೂ ಎಚ್ಚರಿಸದ ಇನ್ನೊಂದು ಸಂಗತಿ ಗರ್ಭನಿರೋಧಕ ಮಾತ್ರೆ. ಈಸ್ಟ್ರೋಜೆನ್ ಇರುವ ಮಾತ್ರೆ ಹಾಲು ಕಡಿಮೆ ಮಾಡಬಲ್ಲದು, ಜನ ಅದನ್ನು ಶುರುಮಾಡುವುದೂ ಕೆಲಸಕ್ಕೆ ಮರಳುವ ಈ ಹೊತ್ತಿಗೇ. ಪ್ರೊಜೆಸ್ಟರಾನ್ ಮಾತ್ರ ಇರುವುದು ಅಥವಾ ಕಾಪರ್‌-ಟಿ ಬಗ್ಗೆ ಡಾಕ್ಟರನ್ನು ಕೇಳಿ.

ಎದೆಯಲ್ಲಿ ಗಂಟು ಬಂದರೆ ಜೋರಾಗಿ ತಿಕ್ಕುವುದು, ಬಿಸಿ ಶಾಖ ಕೊಟ್ಟು ಹಿಂಡುವುದು ಹಳೆಯ ಪದ್ಧತಿ, ಊತ ಹೆಚ್ಚುತ್ತದೆ. ತಣ್ಣನೆ ಬಟ್ಟೆ, ಎಂದಿನಷ್ಟೇ ಹಾಲೂಡಿಸುವುದು, ಹೆಚ್ಚಿಗೆ ಪಂಪ್ ಮಾಡದಿರುವುದು. ಕೆಂಪಾಗಿ ಚಳಿಜ್ವರ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ಡಾಕ್ಟರು. ಆಗಲೂ ಮಗುವಿಗೆ ಕುಡಿಸುವುದು ನಿಲ್ಲಿಸಬೇಕಿಲ್ಲ.

ಒಂದು ವರ್ಷದ ನಂತರ ಹಗಲಿನಲ್ಲಿ ಊಟವೇ ಮುಖ್ಯವಾಗುತ್ತದೆ, ಆಫೀಸಿನ ಪಂಪ್ ಬಿಡಬಹುದು. ಮಧ್ಯದ ಸರದಿಯನ್ನು ಮೊದಲು ಬಿಡಿ, ವಾರ ಕಾಯಿರಿ, ಎದೆ ಹಗುರವಾಗಿದ್ದರೆ ಇನ್ನೊಂದು. ಬೆಳಿಗ್ಗೆ, ಸಂಜೆ, ರಾತ್ರಿಯದು ಎರಡು ವರ್ಷದವರೆಗೂ ಅದರಾಚೆಗೂ ನಡೆಯುತ್ತದೆ, ಅದಕ್ಕೆ ಪಂಪೂ ಬೇಡ, ಚೀಲವೂ ಬೇಡ.