ಅಪ್ಪನಿಗೆ ಪಾರ್ಕಿನ್ಸನ್ (ಕೈಕಾಲು ನಡುಗಿಸುವ ಮಿದುಳಿನ ಕಾಯಿಲೆ) ಇದ್ದರೆ ಮಕ್ಕಳಿಗೂ ಬರುತ್ತಾ?

ಬಂದೇ ಬರುತ್ತೆ ಅಂತೇನಿಲ್ಲ. ಹೆಚ್ಚಿನವರಲ್ಲಿ ಇದಕ್ಕೆ ಒಂದೇ ಜೀನ್ ಕಾರಣವಲ್ಲ. ಕೆಲವು ಮನೆತನಗಳಲ್ಲಿ ಮಾತ್ರ ನೇರವಾಗಿ ಇಳಿದು ಬರುತ್ತದೆ. ದಕ್ಷಿಣ ಇಟಲಿಯ ಕೊಂತುರ್ಸಿ ಊರಿನ ಒಂದು ವಂಶದಲ್ಲಿ ತಲೆಮಾರುಗಳಿಂದ ಈ ಕಾಯಿಲೆ ಇತ್ತು. 1997ರಲ್ಲಿ ಕಾರಣ ಸಿಕ್ಕಿತು: ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನಿನ ಜೀನ್‌ನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ಆ ಪ್ರೋಟೀನ್ ಮಿದುಳಿನ ಕೋಶಗಳಲ್ಲಿ ಗಂಟುಗಂಟಾಗಿ ಕೂಡಿಕೊಳ್ಳುತ್ತದೆ. ಒಂದೊಂದು ಜೀನ್‌ಗೂ ಎರಡು ಪ್ರತಿ (ಕಾಪಿ) ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಇಲ್ಲಿ ಕಾಯಿಲೆಗೆ ಕೆಟ್ಟ ಪ್ರತಿ ಒಂದಿದ್ದರೂ ಸಾಕು, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ 50%.

ಪಾರ್ಕಿನ್ ಎಂಬ ಇನ್ನೊಂದು ಜೀನ್ ಕಥೆ ಬೇರೆ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಕಾಯಿಲೆ, ಅದೂ ಸಾಮಾನ್ಯವಾಗಿ ಚಿಕ್ಕ ವಯಸ್ಸಿಗೇ. ರಕ್ತಸಂಬಂಧದಲ್ಲಿ ಮದುವೆಯಾದರೆ ಈ ಸಾಧ್ಯತೆ ಜಾಸ್ತಿ. ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡೋದು ಅಪರೂಪವೇನಲ್ಲ ಅಲ್ವಾ?

ಎಲ್‌ಆರ್‌ಆರ್‌ಕೆ2 ಎಂಬ ಮತ್ತೊಂದು ಪಾರ್ಕಿನ್ಸನ್ ಜೀನ್‌ನಲ್ಲಿ ದೋಷವಿದ್ದರೂ ಅನೇಕರಿಗೆ ಕಾಯಿಲೆ ಬರುವುದೇ ಇಲ್ಲ. ಸುಮ್ನೆ ಟೆಸ್ಟ್‌ಗೆ ಓಡಬೇಡಿ, ಮೊದಲು ಜೆನೆಟಿಕ್ ಕೌನ್ಸೆಲರ್ (ವಂಶವಾಹಿ ಕಾಯಿಲೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಮಾತಾಡಿ.