ಮಗಳ ಆಪರೇಷನ್‌ಗೆ ಅವ್ವನ ಸಹಿ ಸಾಕೇ?

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಬುದ್ಧಿ ಬೆಳವಣಿಗೆ ಕಡಿಮೆ, ಮಾತು ಅಷ್ಟಿಷ್ಟು ಬರುತ್ತದೆ. ಹಿಟ್ಟು ನಾದಿ ಕೊಡುತ್ತಾಳೆ, ಎಮ್ಮೆಗೆ ಮೇವು ಹಾಕುತ್ತಾಳೆ. ಮುಟ್ಟಾದಾಗ ಮಾತ್ರ ಬಹಳ ತ್ರಾಸ. ಪ್ಯಾಡ್ ಕಿತ್ತೆಸೆದು ಅಳುತ್ತಾಳೆ, ನಾನು ಹೊಲಕ್ಕೆ ಹೋಗುವ ಹಾಗಿಲ್ಲ. ಓಣಿಯವರೆಲ್ಲ ‘ಗರ್ಭಚೀಲ ತೆಗೆಸಿಬಿಡು, ನಾಳೆ ಏನರೆ ಆದರೆ ಯಾರು ನೋಡವರು’ ಅನ್ನುತ್ತಾರೆ. ಒಂದು ಖಾಸಗಿ ದವಾಖಾನೆಯಲ್ಲಿ ಕೇಳಿದರೆ ತಂದೆ-ತಾಯಿ ಸಹಿ ಸಾಕು ಅಂದರು. ಅವಳಿಗೆ ಇದೆಲ್ಲ ತಿಳಿಯಲ್ಲ, ನಾವೇ ನಿರ್ಧಾರ ಮಾಡಬಹುದಲ್ವಾ?
– ಒಬ್ಬ ತಾಯಿ, ಜಮಖಂಡಿ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ತ್ರಾಸ ದೊಡ್ಡದು, ಅದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಸಹಿ ಸಾಕಾಗಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಕಲಂ ನೋಡಿ. ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಆ ವ್ಯಕ್ತಿ ತಿಳಿದುಕೊಂಡು, ಯಾರ ಒತ್ತಾಯವೂ ಇಲ್ಲದೆ ಒಪ್ಪದ ಹೊರತು ಮಾಡುವಂತಿಲ್ಲ. ಒಪ್ಪಬೇಕಾದವಳು ನಿಮ್ಮ ಮಗಳು. ವಿಕಲತೆ ಇಲ್ಲದ ಒಬ್ಬ ಹೆಣ್ಣುಮಗಳ ಕೇಸಿನಲ್ಲೂ, ಅವಳು ಅರಿವಳಿಕೆಯಲ್ಲಿ ಮಲಗಿದ್ದಾಗ ಅವಳ ತಾಯಿ ಒಪ್ಪಿದರೆಂದು ಗರ್ಭಕೋಶ ತೆಗೆದದ್ದು ತಪ್ಪು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

‘ತಿಳಿಯಲ್ಲ’ ಅಂತ ಬರೆದಿದ್ದೀರಿ. ಯಾರಾದರೂ ಅವಳಿಗೆ ತಿಳಿಯುವ ಹಾಗೆ ಹೇಳಿ ನೋಡಿದ್ದಾರಾ? ಬ್ಯಾಂಕಿನ ಲೆಕ್ಕ ತಿಳಿಯದವಳಿಗೆ ಹೊಟ್ಟೆ ಕೊಯ್ಯುವುದು, ನೋವು, ಮುಂದೆ ಮಗು ಆಗದಿರುವುದು ತಿಳಿಯಬಹುದು. ಚಿತ್ರ ತೋರಿಸಿ, ಗೊಂಬೆ ಇಟ್ಟುಕೊಂಡು ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಆಮೇಲೆ ಅವಳ ಮಾತಲ್ಲೋ ಕೈಸನ್ನೆಯಲ್ಲೋ ವಾಪಸ್ ಹೇಳಿಸಿ. ಸುಮ್ನೆ ‘ಆಪರೇಷನ್ ಮಾಡಿಸೋಣಾ?’ ಅಂದರೆ ನಿಮ್ಮನ್ನು ಖುಷಿಪಡಿಸೋಕೆ ‘ಹ್ಞೂಂ’ ಅಂದುಬಿಡುತ್ತಾರೆ ಈ ಮಕ್ಕಳು, ಅದಕ್ಕೇ ಇನ್ನೊಂದು ದಿನ ‘ಬೇಡ ಅಲ್ವಾ?’ ಅಂತ ತಿರುಗಿಸಿ ಕೇಳಿ ನೋಡಬೇಕು. ಎರಡಕ್ಕೂ ಹ್ಞೂಂ ಬಂದರೆ ಅದು ಒಪ್ಪಿಗೆ ಅಲ್ಲ.

‘ಏನರೆ ಆದರೆ’ ಅನ್ನುವ ಮಾತೇ ನನಗೆ ಜಾಸ್ತಿ ಸಂಕಟ ಕೊಟ್ಟದ್ದು. ಗರ್ಭಚೀಲ ತೆಗೆಸಿದರೆ ಅವಳ ಮೈ ಮುಟ್ಟುವವನೇನೂ ನಿಲ್ಲಲ್ಲ, ಬಸಿರು ನಿಲ್ಲುತ್ತದೆ ಅಷ್ಟೇ, ಅವನು ಮಾಡಿದ್ದು ಯಾರಿಗೂ ಗೊತ್ತಾಗದೇ ಹೋಗುತ್ತದೆ. ಮೈಯಲ್ಲಿ ಎಲ್ಲಿ ಯಾರೂ ಮುಟ್ಟಬಾರದು, ಮುಟ್ಟಿದರೆ ಹೇಗೆ ಕಿರುಚಬೇಕು ಅಂತ ಕಲಿಸಿ. ಆಪರೇಷನ್‌ನಲ್ಲಿ ಅಂಡಾಶಯವನ್ನೂ ತೆಗೆದರಂತೂ ಈ ವಯಸ್ಸಿಗೇ ಮೂಳೆ ಸವೆಯೋಕೆ ಶುರುವಾಗುತ್ತದೆ.

ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ರಕ್ತ ಜಾಸ್ತಿ ಹೋಗುತ್ತದಾ, ಥೈರಾಯ್ಡ್ ಹೇಗಿದೆ, ರಕ್ತಹೀನತೆ ಇದೆಯಾ ನೋಡಿಸಿ. ಅಳುತ್ತಾಳೆ ಅಂದರೆ ಹೊಟ್ಟೆನೋವು ಇರಬಹುದು, ಹೇಳೋಕೆ ಬರದೆ ಅಳುತ್ತಿರಬಹುದು. ನೋವಿಗೆ ಮಾತ್ರೆ ಇದೆ. ಮುಟ್ಟು ಕಡಿಮೆ ಮಾಡುವ ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ಕೂಡ ಇವೆ, ಅವನ್ನು ಕೊಡುವ ಮುಂಚೆಯೂ ಅವಳಿಗೆ ಹೇಳಲೇಬೇಕು. ಪ್ಯಾಡ್‌ಗೆ ಒಂದು ಉಪಾಯ: ಚಡ್ಡಿಯಲ್ಲಿ ಪ್ಯಾಡ್ ಕೂರುವ ಜಾಗದ ಸುತ್ತ ಕೆಂಪು ದಾರದಿಂದ ಹೊಲಿಗೆ ಹಾಕಿ. ಮುಟ್ಟಿಲ್ಲದ ದಿನಗಳಲ್ಲೇ ಗೆರೆಯೊಳಗೆ ಅಂಟಿಸೋದು, ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡೋದು, ತೆಗೆದು ಕಾಗದದಲ್ಲಿ ಸುತ್ತೋದು ಮಾಡಿಸಿ. ಹಿಟ್ಟು ನಾದೋಕೆ ಕಲಿತವಳು ಇದನ್ನೂ ಕಲಿಯುತ್ತಾಳೆ, ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮ ಗ್ರಾಮ ಪಂಚಾಯಿತಿಯ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಿರಿ. ಇಷ್ಟನ್ನು ನೀವೊಬ್ಬರೇ ಹೊರಬೇಕಿಲ್ಲ.

ಪ್ರಶ್ನೆ: ತಮ್ಮನಿಗೆ 30 ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ ಬುದ್ಧಿ ಬೆಳವಣಿಗೆಯ ತೊಂದರೆ) ಇದೆ. ಹರ್ನಿಯಾ ಆಪರೇಷನ್ ಆಗಬೇಕು. ಗಾರ್ಡಿಯನ್ ಸರ್ಟಿಫಿಕೇಟ್ ಇಲ್ಲದೆ ಮುಟ್ಟಲ್ಲ ಅನ್ನುತ್ತಿದ್ದಾರೆ. ಏನು ಮಾಡಲಿ?
– ಇಂಡಿಯಿಂದ ಓದುಗರು

ಉತ್ತರ: ಮೊದಲು ತಮ್ಮನನ್ನೇ ಕೇಳಲಿ ಅಂತ ಡಾಕ್ಟರಿಗೆ ಹೇಳಿ. ಉಬ್ಬಿದ ಜಾಗ ತೋರಿಸಿ, ಇಲ್ಲಿ ಕೊಯ್ದು ಹೊಲಿಯುತ್ತಾರೆ, ಕೆಲವು ದಿನ ನೋವಿರುತ್ತದೆ ಅಂದರೆ ಅವನಿಗೆ ಗೊತ್ತಾಗುವ ಸಾಧ್ಯತೆ ಜಾಸ್ತಿ. ಒಪ್ಪಿದರೆ ಅವನೇ ಸಹಿಯೋ ಹೆಬ್ಬೆಟ್ಟೋ ಒತ್ತಲಿ, ನೀವು ಪಕ್ಕದಲ್ಲಿರಿ. ಡೌನ್ ಸಿಂಡ್ರೋಮ್ ಇದೆ ಅಂದ ಮಾತ್ರಕ್ಕೆ ಕಾನೂನಿನ ಹಕ್ಕು ಹೋಗಲ್ಲ. ಎಷ್ಟು ಹೇಳಿದರೂ ತಿಳಿಯಲಿಲ್ಲ ಅಂದಾಗ ಮಾತ್ರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಗಾರ್ಡಿಯನ್ ನೇಮಿಸಿ ಅಂತ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ. ವಿಜಯಪುರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಉಬ್ಬು ಗಟ್ಟಿಯಾಗಿ, ಒಳಗೆ ಹೋಗದೆ, ವಾಂತಿ ಶುರುವಾದರೆ ಮಾತ್ರ ಯಾವ ಕಾಗದಕ್ಕೂ ಕಾಯಬೇಡಿ, ತಕ್ಷಣ ದವಾಖಾನೆಗೆ ಒಯ್ಯಿರಿ. ಜೀವ ಉಳಿಸೋ ಚಿಕಿತ್ಸೆಗೆ ಸರ್ಟಿಫಿಕೇಟ್ ಅಡ್ಡ ಬರುವಂತಿಲ್ಲ. ಇನ್ನೊಂದು ಮಾತು: ಡೌನ್ ಸಿಂಡ್ರೋಮ್ ಇದ್ದವರಲ್ಲಿ ಹೃದಯದ ತೊಂದರೆ ಜಾಸ್ತಿ, ಕೆಲವರಿಗೆ ಕತ್ತಿನ ಮೂಳೆ ಸಡಿಲ ಇರುತ್ತದೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಇದನ್ನು ಮೊದಲೇ ಹೇಳಿ, ಎಕೋ (ಹೃದಯದ ಸ್ಕ್ಯಾನ್) ಬೇಕಾ ಅಂತ ಕೇಳಿ.